ನೂರಹತ್ತು ವೋಲ್ಟಿನ ಟಿವಿ

ನಮ್ಮ ಮನೆಯ ಟಿವಿಗೆ ನಮ್ಮೂರ ಕರೆಂಟು ಆಗುತ್ತಿರಲಿಲ್ಲ. ಅದು ಅಮೆರಿಕದ್ದು. ತೊಂಬತ್ತರ ದಶಕದ ಮೊದಲಲ್ಲಿ ಚಿಕ್ಕಪ್ಪ ಅಲ್ಲಿನ ಕೆಲಸ ಬಿಟ್ಟು ಕೋಲಾರದ ನರಸಾಪುರಕ್ಕೆ ವಾಪಸು ಬಂದಾಗ, ಮನೆಸಾಮಾನಿನ ಜೊತೆ ಹಡಗಿನಲ್ಲಿ ಮದರಾಸು ತಲುಪಿ, ಅಲ್ಲಿಂದ ಲಾರಿಯಲ್ಲಿ ಊರು ಸೇರಿತು. ಅಮೆರಿಕದ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟು, ಸೆಕೆಂಡಿಗೆ 60 ಸೈಕಲ್ಲು. ನಮ್ಮಲ್ಲಿ 230 ವೋಲ್ಟು, 50 ಸೈಕಲ್ಲು. ನೇರವಾಗಿ ಚುಚ್ಚಿದರೆ ಅವತ್ತೇ ಅದರ ಕೊನೆ. ಅದಕ್ಕೇ ಚಿಕ್ಕಪ್ಪ ವೈರಿನ ತುದಿಗೆ ಕೆಂಪು ಬಣ್ಣ ಬಳಿದು, ಮನೆಗೆ ಬಂದ ನೆಂಟರಿಗೆಲ್ಲ ಮೊದಲು ಆ ಪ್ಲಗ್ಗು ತೋರಿಸಿ ಆಮೇಲೆ ಕಾಫಿ ಕೊಡಿಸುತ್ತಿದ್ದರು.

ವೋಲ್ಟು ಸರಿ ಮಾಡಿದರೂ ದೂರದರ್ಶನ ಅದರಲ್ಲಿ ಬರಲಿಲ್ಲ. ನಮ್ಮ ದೇಶದ ಪದ್ಧತಿ ಪಾಲ್: ಚಿತ್ರಕ್ಕೆ 625 ಗೆರೆ, ಪರದೆ ಸೆಕೆಂಡಿಗೆ 50 ಸಲ ತುಂಬಬೇಕು. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, 60 ಸಲ. ಗೆರೆ ಎಳೆಯುವ ವೇಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ವಾರ್ತೆ ಓದುವವರ ಮುಖ ಅಡ್ಡಡ್ಡ ಹರಿಯದೆ ನಿಲ್ಲುತ್ತಿತ್ತು, ಆದರೆ ಮೇಲಿಂದ ಕೆಳಕ್ಕೆ ಉರುಳುತ್ತಲೇ ಇರುತ್ತಿತ್ತು. ಬಣ್ಣವಿಲ್ಲ. ದನಿ ಕೂರುವ ಜಾಗವೂ ಬೇರೆಯಾದ್ದರಿಂದ ಬರೀ ಬುಸ್ ಎನ್ನುವ ಸದ್ದು. ಅಜ್ಜಿ ಅದನ್ನು ನೋಡಿ, ಇಷ್ಟು ದೂರದಿಂದ ಹೊತ್ತು ತಂದಿದ್ದು ಇದಕ್ಕಾ ಎಂದು ನೊಂದುಕೊಂಡರು. ಅದಕ್ಕೆ ತಕ್ಕ ಕೆಲಸ ಒಂದೇ ಉಳಿದಿತ್ತು. ಅದರ ಜೊತೆಗೇ ಬಂದ ನಿಂಟೆಂಡೋ ಪೆಟ್ಟಿಗೆಯ ಆಟ ತೋರಿಸುವುದು.

ನಮ್ಮ 230 ವೋಲ್ಟನ್ನು ಅದಕ್ಕಾಗಿ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೋಲಾರ ಸೀಮೆಯಲ್ಲಿ ಕೆರೆ ಬತ್ತಿ ಬೋರ್‌ವೆಲ್ ಆಳಕ್ಕೆ ಇಳಿದಂತೆಲ್ಲ ಊರೂರಿಗೆ ಮೋಟಾರ್ ವೈಂಡಿಂಗ್ ಅಂಗಡಿಗಳು ಹುಟ್ಟಿಕೊಂಡವು. ಅಂಥ ಒಂದು ಅಂಗಡಿಯ ಯಜಮಾನರ ತಂದೆ ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ದುಡಿದವರು. 1902ರಲ್ಲಿ ಶಿವನಸಮುದ್ರದಿಂದ ಆ ಗಣಿಗೆ ಬಂದ ಕರೆಂಟು 25 ಸೈಕಲ್ಲಿನದು. ಊರಿಗೊಂದು ಸೈಕಲ್ಲಿನ ಕರೆಂಟು ಇರಬಹುದು ಎಂಬುದು ಆ ಮನೆಯವರಿಗೆ ಹೊಸ ವಿಷಯವಾಗಿರಲಿಲ್ಲ. ಚಿಕ್ಕಪ್ಪ ಸಮಸ್ಯೆ ಹೇಳುತ್ತಿದ್ದಂತೆ ಆ ಯಜಮಾನರು ಕೇಳಿದ್ದು, “ವೋಲ್ಟು ಇಳಿಸೋದು ಸರಿ ಸಾಮಿ, ಸೈಕಲ್ ಎಷ್ಟು?”

ಸೈಕಲ್ ಕಡಿಮೆಯಾದಷ್ಟೂ ಕಬ್ಬಿಣ ಹೆಚ್ಚು ಬೇಕು. 60ಕ್ಕೆಂದು ಲೆಕ್ಕ ಹಾಕಿ ಮಾಡಿದ ಟ್ರಾನ್ಸ್‌ಫಾರ್ಮರನ್ನು 50ರಲ್ಲಿ ಓಡಿಸಿದರೆ ಅದರ ಕಬ್ಬಿಣ ಹೊರಬೇಕಾದ ಕಾಂತದ ಭಾರ ಐದರಲ್ಲಿ ಒಂದು ಪಾಲು ಏರುತ್ತದೆ, ಬಿಸಿಯಾಗುತ್ತದೆ. ಅವರು ಪಟ್ಟಿಗಳನ್ನು ಧಾರಾಳವಾಗಿ ಪೇರಿಸಿ, ತಾಮ್ರದ ತಂತಿಯನ್ನು ಪದರಪದರಕ್ಕೂ ಕಾಗದ ಹಾಕಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸಿಕೊಟ್ಟರು. ಒಬ್ಬರೇ ಎತ್ತಲು ಕಷ್ಟಪಡುವಷ್ಟು ಭಾರವಿತ್ತು. ಅದನ್ನು ಟಿವಿಯ ಪಕ್ಕದಲ್ಲಿಟ್ಟರೆ ಚಿತ್ರ ನಡುಗುತ್ತಿತ್ತು, ಗೋಡೆಗೂಡಿಗೆ ಸಾಗಿಸಿದರೆ ನಿಲ್ಲುತ್ತಿತ್ತು. ಅದರ ಕಾಂತಕ್ಷೇತ್ರ 50ರ ತಾಳದಲ್ಲಿ, ಪರದೆ 60ರ ತಾಳದಲ್ಲಿ. ಎರಡೂ ಹೊಂದದೆ ಸೆಕೆಂಡಿಗೆ ಹತ್ತು ಸಲ ಚಿತ್ರ ಅಲುಗುತ್ತಿತ್ತು. ಈ ಲೆಕ್ಕವನ್ನು ನಮಗೆ ಬಿಡಿಸಿ ಹೇಳಿದವರೂ ಅವರೇ. ಶಾಲೆಯಲ್ಲಿ ವಿದ್ಯುತ್ತಿನ ಪಾಠ ಬರುವ ಮೊದಲೇ ನಮಗೆ ವೋಲ್ಟು ಬೇರೆ, ಸೈಕಲ್ಲು ಬೇರೆ ಎಂಬುದು ಗೊತ್ತಿತ್ತು.

ತೋಟಗಳಿಗೆ ತ್ರೀ ಫೇಸ್ ಬಿಟ್ಟ ಕೂಡಲೇ ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದು ಮನೆಯ ಕರೆಂಟು ಡಲ್ಲಾಗುತ್ತಿತ್ತು. ಇಲ್ಲಿ 180ಕ್ಕೆ ಇಳಿದರೆ ಟ್ರಾನ್ಸ್‌ಫಾರ್ಮರಿನ ಆಚೆ ಬದಿ ಸಿಗುವುದು 86 ವೋಲ್ಟು. ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಹಾಗಾಗಿ ಟ್ರಾನ್ಸ್‌ಫಾರ್ಮರಿನ ಹಿಂದೆ ಒಂದು ಸ್ಟೆಬಿಲೈಸರ್ ಬಂತು. ಸ್ವಿಚ್ಚಿನಿಂದ ಟಿವಿಗೆ ಬರುವಷ್ಟರಲ್ಲಿ ಕರೆಂಟು ಮದುವೆಯ ಹೆಣ್ಣಿನಂತೆ ಹಲವು ಕೈ ದಾಟಿ ಸಿಂಗಾರಗೊಂಡು ಬರುತ್ತಿತ್ತು.

ಆಟ ಶುರುವಾದರೆ ಇದೆಲ್ಲ ಮರೆತೇ ಹೋಗುತ್ತಿತ್ತು. ಸೂಪರ್ ಮಾರಿಯೋ ಮತ್ತು ಡಕ್ ಹಂಟ್ ಎರಡೂ ಒಂದೇ ಕ್ಯಾಸೆಟ್ಟಿನಲ್ಲಿ. ಊರಿನ ಇನ್ನೊಂದೆರಡು ಮನೆಗಳಲ್ಲಿ ಬೆಂಗಳೂರಿನ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಿಂದ ತಂದ ನಕಲಿ ಪೆಟ್ಟಿಗೆಗಳಿದ್ದವು. ಅವು ಪಾಲ್ ಟಿವಿಗೆಂದೇ ಮಾಡಿದವು. 60ರ ಬದಲು 50ರಲ್ಲಿ ಓಡುವುದರಿಂದ ಅಲ್ಲಿನ ಮಾರಿಯೋ ಆರರಲ್ಲಿ ಒಂದು ಪಾಲು ನಿಧಾನ, ಹಾಡೂ ಎಳೆದು ಎಳೆದು ಬರುತ್ತಿತ್ತು. ಅಲ್ಲಿ ಪಳಗಿದವರು ನಮ್ಮ ಮನೆಗೆ ಬಂದು ಮೊದಲ ಹಳ್ಳಕ್ಕೇ ಬೀಳುತ್ತಿದ್ದರು. ಅವರ ಕ್ಯಾಸೆಟ್ಟಿಗೆ 60 ಪಿನ್ನು, ನಮ್ಮದಕ್ಕೆ 72. ಬದಲಾಯಿಸಿ ಆಡುವ ಹಾಗಿಲ್ಲ. ಅದಕ್ಕೇ ಎಲ್ಲರೂ ನಮ್ಮ ನಡುಮನೆಗೇ ಬಂದು ಸೇರುತ್ತಿದ್ದರು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತೆಂದು ಅವರ ಮನೆಗಳಿಂದ ಕೂಗು ಬರುವ ತನಕ.

ಡಕ್ ಹಂಟ್‌ನಲ್ಲಿ ಬಾತುಕೋಳಿ ಹೊಡೆಯಲು ಹಿಡಿಯುತ್ತಿದ್ದ ಕಿತ್ತಳೆ ಬಣ್ಣದ ಗನ್ನಿನ ಗುಟ್ಟು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಗನ್ನಿನಿಂದ ಏನೂ ಹೊರಡುವುದಿಲ್ಲ, ಅದು ನೋಡುತ್ತದೆ. ಕುದುರೆ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಆ ಬೆಳಕು ನಳಿಗೆಯೊಳಗಿನ ಕಣ್ಣಿಗೆ ಬಿದ್ದರೆ ಗುರಿ ಸರಿ. ಪೆಟ್ಟಿಗೆ ಕಳಿಸಿದ್ದನ್ನು ಪಿಕ್ಚರ್ ಟ್ಯೂಬ್ ಅದೇ ಕ್ಷಣ ಬರೆಯುತ್ತದೆಂಬ ಭರವಸೆಯ ಮೇಲೆ ಇಡೀ ಆಟ ನಿಂತಿದೆ. ಇವತ್ತಿನ ಚಪ್ಪಟೆ ಟಿವಿ ಚಿತ್ರವನ್ನು ಮೊದಲು ತನ್ನೊಳಗೆ ಇಟ್ಟುಕೊಂಡು, ಹಿಗ್ಗಿಸಿ, ತಿದ್ದಿ ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಗನ್ನಿನ ಕಣ್ಣು ಮುಚ್ಚಿರುತ್ತದೆ. ಟ್ಯೂಬ್ ಟಿವಿಗಳು ಹೋದರೆ ಆ ಗನ್ನು ಬರೀ ಪ್ಲಾಸ್ಟಿಕ್ಕು. ಆ ಆಟಗಳನ್ನು ಈಗ ಫೋನಿನಲ್ಲೂ ಆಡಬಹುದಲ್ಲ ಎನ್ನುವವರ ಮಾತು ಅದಕ್ಕೇ ನನಗೆ ಒಪ್ಪಿಗೆಯಾಗುವುದಿಲ್ಲ. ಆಟದ ಅರ್ಧ ಭಾಗ ಇದ್ದದ್ದು ಆ ಗಾಜಿನಲ್ಲಿ.

ಆ ಗಾಜು ಈಗ ಬೇಡದ ವಸ್ತು. ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನು ಮಾಡುತ್ತಿತ್ತು. ಈಗ ಗುಜರಿಯವರು ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರ ಬಿಚ್ಚಿಕೊಂಡು, ಸೀಸ ತುಂಬಿದ ಗಾಜನ್ನು ಎಲ್ಲೆಂದರಲ್ಲಿ ಬಿಸಾಡುತ್ತಾರೆ. ಸೆಟ್ ಬಿಚ್ಚಿ, ಒಳಗಿನ ಇಪ್ಪತ್ತು ಸಾವಿರಕ್ಕೂ ಮೀರಿದ ವೋಲ್ಟಿಗೆ ಹೆದರದೆ, ಟ್ಯೂಬಿನಲ್ಲಿ ಉಳಿದ ಚಾರ್ಜನ್ನು ಮೊದಲು ಇಳಿಸಿ ಕೆಲಸಕ್ಕೆ ಕೂರುತ್ತಿದ್ದ ಮೆಕ್ಯಾನಿಕ್ಕುಗಳು ಕೋಲಾರದಲ್ಲಿ ಈಗ ಡಿಶ್ ಹಾಕುತ್ತಾರೆ, ಸಿಸಿ ಕ್ಯಾಮೆರಾ ಕೂರಿಸುತ್ತಾರೆ. ವೈಂಡಿಂಗ್ ಅಂಗಡಿಯ ಯಜಮಾನರು ತೀರಿಕೊಂಡರು.

ನರಸಾಪುರವೂ ಬೇರೆಯಾಗಿದೆ. ಕೈಗಾರಿಕಾ ಪ್ರದೇಶ ಬಂತು, 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. 2020ರಲ್ಲಿ ವಿಸ್ಟ್ರಾನ್ ಐಫೋನ್ ಜೋಡಿಸತೊಡಗಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಪಾಲಾಯಿತು. ನಮ್ಮ ಬೀದಿಯ ಮಕ್ಕಳೂ ಶಿಫ್ಟಿನ ಬಸ್ಸು ಹತ್ತುತ್ತಾರೆ. ಅವರಿಗೆ ಕೆಲಸ ಸಿಕ್ಕಿದ್ದು ನನಗೆ ಸಂತೋಷವೇ. ಇವತ್ತಿನ ಬಹುತೇಕ ಫೋನುಗಳ ಚಾರ್ಜರ್ ತಿರುಗಿಸಿ ಓದಿದರೆ 100ರಿಂದ 240 ವೋಲ್ಟು, 50 ಅಥವಾ 60 ಸೈಕಲ್ಲು ಎಂದಿರುತ್ತದೆ. ಯಾವ ದೇಶದ ಕರೆಂಟಾದರೂ ಅದಕ್ಕೆ ಆಗುತ್ತದೆ, ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ನಾವು ಒಂದು ಆಟ ಆಡಬೇಕಾದರೆ ಚಿಕ್ಕಪ್ಪ, ವೈಂಡಿಂಗಿನವರು, ಲೈನ್‌ಮನ್, ಟಿವಿ ಮೆಕ್ಯಾನಿಕ್ ಇಷ್ಟು ಜನರ ತಿಳಿವಳಿಕೆ ಸೇರಬೇಕಿತ್ತು. ಆ ತಿಳಿವಳಿಕೆಗೆ ಕೆಲಸ ಇಲ್ಲವಾದ್ದರಿಂದ ಅದನ್ನು ಯಾರೂ ಕಲಿಯುವುದಿಲ್ಲ. ನನ್ನನ್ನು ಕಾಡುವುದು ಅದು.

ಟ್ರಾನ್ಸ್‌ಫಾರ್ಮರ್ ಈಗಲೂ ಚೆನ್ನಾಗಿದೆ. ಟಿವಿಯಲ್ಲಿ ಕೆಂಪು ಸೋತಿದೆ, ಬಿಸಿಯಾದ ಮೇಲೆ, ಒಳಗಿನ ಆ ಸಾವಿರಾರು ವೋಲ್ಟು ಎಬ್ಬಿಸುವ ಇಎಚ್‌ಟಿ ಚಟಚಟ ಎನ್ನುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದೆ, ಆ ಮಾದರಿಯದ್ದು ಇಲ್ಲವೆಂದರು. ಕೋಲಾರ, ಮಾಲೂರು, ಕೆಜಿಎಫ್ ಕಡೆ ಹೊರದೇಶದಿಂದ ಬಂದ 110 ವೋಲ್ಟಿನ ಹಳೆಯ ಸೆಟ್ಟು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಕೆಟ್ಟಿದ್ದರೂ ಪರವಾಗಿಲ್ಲ, ಗುಜರಿಗೆ ಹಾಕುವ ಮುಂಚೆ ನರಸಾಪುರಕ್ಕೆ ಒಂದು ಮಾತು ಹೇಳಿ ಕಳಿಸಿ. ಬಂದು ತೆಗೆದುಕೊಂಡು ಹೋಗುತ್ತೇನೆ.