ಸೆಲ್ಮಾದ ಸೇತುವೆ

ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾ ಚಿಕ್ಕ ಊರು. ಹಳೆಯ ಇಟ್ಟಿಗೆ ಕಟ್ಟಡಗಳ ಪೇಟೆಬೀದಿ ನದಿಯ ಹತ್ತಿರ ಬರುತ್ತಿದ್ದಂತೆ ಎದುರಿಗೆ ಉಕ್ಕಿನ ಕಮಾನು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ: ಎಡ್ಮಂಡ್ ಪೆಟಸ್ ಸೇತುವೆ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಕಾದಾಡಿದ ಜನರಲ್ ಈ ಪೆಟಸ್. 1940ರಲ್ಲಿ ಸೇತುವೆಗೆ ಅವನ ಹೆಸರಿಟ್ಟರು. ಕಪ್ಪು ಜನರ ಮತದ ಹಕ್ಕು ನಡೆದು ಬಂದದ್ದು ಇದರ ಮೇಲೆಯೇ! ನೆನೆದರೆ ಮೈ ಜುಮ್ಮೆನ್ನುತ್ತದೆ.

1965ಕ್ಕೆ ಮೊದಲು ಸೆಲ್ಮಾ ಸೇರಿದ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. ಮತದಾರರ ಪಟ್ಟಿಯಲ್ಲಿದ್ದವರು ಮಾತ್ರ ನೂರಕ್ಕೆ ಇಬ್ಬರು ಮೂವರು. ನೋಂದಣಿ ಕಚೇರಿಯ ಬಾಗಿಲು ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ಸೋಮವಾರ. ಸರದಿ ಬಂದರೆ ಸಂವಿಧಾನದ ಮೇಲೆ ಪರೀಕ್ಷೆ. ಪಾಸೋ ಫೇಲೋ, ಬಿಳಿಯ ಅಧಿಕಾರಿಯ ಮರ್ಜಿ.

ಸೇತುವೆಯ ಪಕ್ಕದ ಕಾಲುದಾರಿ ಹಿಡಿದು ಏರತೊಡಗಿದೆ. ನಡು ಉಬ್ಬಿರುವುದರಿಂದ ಆಚೆ ದಡ ಕಾಣುವುದಿಲ್ಲ. ನೆತ್ತಿ ತಲುಪಿದ ಮೇಲೆ ಒಮ್ಮೆಗೇ ಎಲ್ಲ ಕಣ್ಣಿಗೆ ಬೀಳುತ್ತದೆ. 1965ರ ಮಾರ್ಚ್ 7ರ ಭಾನುವಾರ ಮತದ ಹಕ್ಕು ಕೇಳಿ ಬ್ರೌನ್ ಚಾಪೆಲ್ ಚರ್ಚಿನಿಂದ ಹೊರಟ ಸುಮಾರು 600 ಜನರಿಗೂ ಇಲ್ಲಿಗೆ ಬಂದಾಗಲೇ ಕಂಡದ್ದು, ದಾರಿಗಡ್ಡ ನಿಂತ ಪೊಲೀಸರ ಸಾಲು. ಮುಂದಿದ್ದವರು 25ರ ತರುಣ ಜಾನ್ ಲೂಯಿಸ್. ಅವರಿಗೆ ಅಹಿಂಸೆಯ ತರಬೇತಿ ಕೊಟ್ಟ ಜೇಮ್ಸ್ ಲಾಸನ್, ನಮ್ಮ ನಾಗಪುರದಲ್ಲಿದ್ದು ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದ್ದವರು. ಲಾಠಿ ಬಿತ್ತು, ಅಶ್ರುವಾಯು ಕವಿಯಿತು, ಕುದುರೆಗಳು ಮೇಲೆ ನುಗ್ಗಿದವು. ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಮೆರವಣಿಗೆಯಲ್ಲಿದ್ದವರು ಮಾತ್ರ ತಿರುಗಿ ಕೈಯೆತ್ತಲಿಲ್ಲ. ಅಂದು ರಾತ್ರಿಯೇ ದೇಶ ಅದನ್ನು ಟಿವಿಯಲ್ಲಿ ನೋಡಿತು.

ಮೆರವಣಿಗೆಯವರು ಹೆದರಿ ಮನೆ ಸೇರಲಿಲ್ಲ. ಮಾರ್ಚ್ 21ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ಮತ್ತೆ ಹೊರಟು, ಸುಮಾರು 87 ಕಿಲೋಮೀಟರ್ ದೂರದ ರಾಜ್ಯದ ರಾಜಧಾನಿ ಮಾಂಟ್ಗೊಮರಿಯನ್ನು 25ರಂದು ಮುಟ್ಟಿದರು. ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ ಮತದಾನ ಹಕ್ಕು ಕಾಯಿದೆಗೆ ಸಹಿ ಹಾಕಿದರು. ಲೂಯಿಸ್ ಮುಂದೆ ಮೂರು ದಶಕ ಮೀರಿ ಅಮೆರಿಕದ ಸಂಸತ್ತಿನಲ್ಲಿ ಕೂತರು. 2020ರಲ್ಲಿ ಅವರ ಪಾರ್ಥಿವ ಶರೀರವನ್ನು ಕುದುರೆಗಾಡಿಯಲ್ಲಿ ಇದೇ ಸೇತುವೆ ದಾಟಿಸಿದಾಗ ಪೊಲೀಸರು ಸೆಲ್ಯೂಟ್ ಹೊಡೆದರು.

ಹಾಗೆಂದು ಎಲ್ಲ ಮುಗಿಯಲಿಲ್ಲ. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಮತದಾನ ಹಕ್ಕು ಕಾಯಿದೆಯ ಹಲ್ಲು ಕಿತ್ತಿತು. ಹೋರಾಟ ಈಗಲೂ ನಡೆದಿದೆ. ಅಮೆರಿಕಕ್ಕೆ ಹೋದ ನಮ್ಮವರು ನ್ಯೂಯಾರ್ಕ್, ನಯಾಗರಾ ನೋಡಿ ಬರುತ್ತಾರೆ. ಸೆಲ್ಮಾಕ್ಕೂ ಒಮ್ಮೆ ಹೋಗಿ. ಕಾರು ಈಚೆ ದಡದಲ್ಲೇ ಬಿಟ್ಟು, ಸೇತುವೆಯನ್ನು ನಡೆದೇ ದಾಟಿ.