ಇಳಿಯುವ ವಿದ್ಯೆ

ಏರುವವರನ್ನು ಹೊಗಳುವ ಮಾತು ನಮ್ಮಲ್ಲಿ ಬೇಕಾದಷ್ಟಿದೆ, ಇಳಿಯುವವರನ್ನು ಯಾರೂ ಮಾತಾಡಿಸುವುದಿಲ್ಲ. ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ದರ್ಶನ ಮಾಡಿ ಬಂದವರೂ ಎಷ್ಟು ಹೊತ್ತಿನಲ್ಲಿ ಹತ್ತಿದೆ ಅನ್ನುತ್ತಾರೆಯೇ ಹೊರತು ಹೇಗೆ ಇಳಿದೆ ಅನ್ನುವುದಿಲ್ಲ. ನನಗೆ ಇಳಿಯುವುದೇ ಹೆಚ್ಚು ಇಷ್ಟ. ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಕಲಿತ ಮೇಲೆ ಹತ್ತಿದ ಗೀಳು ಇದು.

ನಮ್ಮೂರು ಹಾರನಹಳ್ಳಿಗೂ ಸ್ಕೀಯಿಂಗ್‌ಗೂ ಏನು ಸಂಬಂಧ ಎಂದು ಸಂತೆಯಲ್ಲಿ, ಮದುವೆಮನೆಯಲ್ಲಿ ಕೇಳುತ್ತಾರೆ. ಬೇಸಾಯದ ಲೆಕ್ಕದಲ್ಲೇ ಒಂದು ಸಂಬಂಧವಿದೆ. ನಮ್ಮದು ಹೊಗೆಸೊಪ್ಪಿನ ಸೀಮೆ. ಸಸಿ ನಾಟಿ, ಎಲೆ ಮುರಿದು, ಅದನ್ನು ಹದಮಾಡುವ ಬ್ಯಾರನ್‌ಗೆ ಬೆಂಕಿ ಹಾಕಿ ರಾತ್ರಿಯೆಲ್ಲ ಶಾಖ ಕಾಯ್ದು, ಗ್ರೇಡು ಮಾಡಿ, ಬೇಲು ಕಟ್ಟಿ ಹರಾಜಿಗೆ ಸಾಗಿಸುವ ತನಕ ಮನೆಮಂದಿಗೆಲ್ಲ ಉಸಿರಾಡಲು ಪುರಸೊತ್ತಿಲ್ಲ. ಸೊಪ್ಪು ಮಾರಾಟವಾಗಿ ಸಂಕ್ರಾಂತಿ ಕಳೆದ ಮೇಲೆ ಒಂದಿಷ್ಟು ಬಿಡುವು. ಕಾಶ್ಮೀರದಲ್ಲಿ ಡಿಸೆಂಬರ್ 21ಕ್ಕೆ ಶುರುವಾಗಿ ನಲವತ್ತು ದಿನ ಕೂರುವ ಚಿಲ್ಲಾಯ್ ಕಲಾನ್ ಎಂಬ ಕಡುಚಳಿ ಮುಗಿಯುವುದೂ, ಗುಲ್ಮಾರ್ಗ್‌ನಲ್ಲಿ ಹಿಮ ದಪ್ಪಗೆ ನೆಲೆನಿಂತಿರುವುದೂ ಆಗಲೇ. ಒಕ್ಕಲಿನವರಿಗೆ ಇದಕ್ಕಿಂತ ಹೊಂದುವ ಆಟ ಇನ್ನೊಂದಿಲ್ಲ.

ಇನ್ನೊಂದು ಸಂಬಂಧ ನೆರೆಹೊರೆಯದು, ಇದನ್ನು ಹೇಳುವಾಗ ನನಗೆ ಎದೆಯುಬ್ಬುತ್ತದೆ. ನಮ್ಮ ತಾಲ್ಲೂಕಿನ ಗಡಿಯಲ್ಲಿ ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದ ಘಾಟಿ ಹತ್ತಿದರೆ ಮಡಿಕೇರಿ. ಆ ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದವರು ಜನರಲ್ ತಿಮ್ಮಯ್ಯ. 1948ರಲ್ಲಿ ಅವರು ಕಾಶ್ಮೀರದಲ್ಲಿ 19ನೇ ಪದಾತಿ ಡಿವಿಷನ್ನಿನ ಮುಖ್ಯಸ್ಥರಾಗಿದ್ದರು. ಆ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮೇಲಿರುವ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಗೆದ್ದ ಕಥೆ ಎಷ್ಟೋ ಜನಕ್ಕೆ ಗೊತ್ತು. ಮುಂದಿನ ತಿಂಗಳೇ ಅವರು ಗುಲ್ಮಾರ್ಗ್‌ನಲ್ಲಿ ತಮ್ಮ ಡಿವಿಷನ್ನಿಗೆಂದು ಸ್ಕೀ ಶಾಲೆಯೊಂದನ್ನು ತೆರೆದದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಹಿಮದಲ್ಲಿ ಕಾದಾಡುವವರು ಹಿಮದಲ್ಲಿ ಓಡಾಡುವುದನ್ನು ಮೊದಲು ಕಲಿಯಬೇಕು ಎಂಬ ತಿಳಿವು ಅದರ ಹಿಂದಿತ್ತು. 1962ರಲ್ಲಿ ಆ ಶಾಲೆಯೇ ಬೆಳೆದು ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ಗುಲ್ಮಾರ್ಗ್‌ನಲ್ಲಿ ಬ್ರಿಟಿಷ್ ಅಧಿಕಾರಿಗಳು ಮೋಜಿಗೆಂದು ಸ್ಕೀ ಕ್ಲಬ್ ಕಟ್ಟಿಕೊಂಡದ್ದು ಇನ್ನೂ ಹಿಂದೆ, 1927ರಲ್ಲಿ. ಆದರೆ ನಮ್ಮ ಸೈನಿಕರಿಗೆ ಅದನ್ನು ವಿದ್ಯೆಯಾಗಿ ಕಲಿಸಿದ್ದು ಕಾಫಿ ತೋಟದ ಸೀಮೆಯ ಮನುಷ್ಯ.

ಇನ್ನು ಆ ವಿದ್ಯೆಯ ವಿಚಾರ. ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲು, ಚಳಿಗಾಲದಲ್ಲಿ ಒಂದೇ ಬಿಳಿ ಬಯಲು. ಅಲ್ಲಿನ ಗೊಂಡೊಲಾ, ಅಂದರೆ ತಂತಿಯ ಮೇಲೆ ತೂಗುವ ಗೂಡು, 1998ರಲ್ಲಿ ಕೊಂಗ್‌ಡೋರಿವರೆಗೆ ಬಂತು. 2005ರಿಂದ ಅದು ಅಫರ್ವಟ್ ಶಿಖರದ ಹತ್ತಿರ, ಹೆಚ್ಚುಕಡಿಮೆ 3,950 ಮೀಟರ್‌ವರೆಗೆ ಹೋಗುತ್ತಿದೆ. ಹೊಸಬರಿಗೆ ಅದ್ಯಾವುದೂ ಬೇಡ. ಮೊದಲ ಪಾಠ ಕೆಳಗಿನ ಸಣ್ಣ ದಿಣ್ಣೆಯಲ್ಲಿ. ಗಟ್ಟಿ ಪ್ಲಾಸ್ಟಿಕ್ಕಿನ ಬೂಟು ಕಣಕಾಲನ್ನು ಅಲುಗಾಡದಂತೆ ಹಿಡಿಯುತ್ತದೆ. ಬೂಟಿನ ಮೂತಿಯನ್ನು ಬೈಂಡಿಂಗ್‌ಗೆ ಕೊಟ್ಟು ಹಿಮ್ಮಡಿ ಒತ್ತಿದರೆ ಟಕ್ಕೆಂದು ಕೂರುತ್ತದೆ. ಬಿದ್ದು ಕಾಲು ತಿರುಚಿದರೆ ತಾನಾಗಿ ಬಿಟ್ಟುಕೊಳ್ಳುವಂತೆ, ಕಲಿಯುವವರ ತೂಕ ನೋಡಿ ಅದರ ಬಿಗಿ ಹೊಂದಿಸಿರುತ್ತಾರೆ. ಆಮೇಲೆ ಅಡ್ಡಡ್ಡಲಾಗಿ ಒಂದೊಂದೇ ಹೆಜ್ಜೆ ಇಟ್ಟು ದಿಣ್ಣೆ ಹತ್ತಬೇಕು. ಈ ಹತ್ತಾಟವನ್ನು ಶಿಕ್ಷೆ ಅಂದುಕೊಳ್ಳುವವರುಂಟು. ನನ್ನ ಮಟ್ಟಿಗೆ ಅದೇ ಒಳ್ಳೆಯ ಪಾಠ, ಹಲಗೆಯ ಅಂಚು ಹಿಮವನ್ನು ಹೇಗೆ ಕಚ್ಚುತ್ತದೆ ಎಂಬುದು ಕಾಲಿಗೆ ತಿಳಿಯುವುದು ಅಲ್ಲಿಯೇ.

ಸ್ಕೀಯ ಎರಡೂ ಅಂಚಿಗೆ ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ, ಇಡೀ ವಿದ್ಯೆ ಅದರ ಮೇಲೆ ನಿಂತಿದೆ. ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂಬದಿ ಅಗಲಿಸಿದರೆ ಒಳಗಿನ ಅಂಚುಗಳು ಹಿಮವನ್ನು ತಳ್ಳಿ ವೇಗ ತಗ್ಗುತ್ತದೆ. ಇದು ಸ್ನೋಪ್ಲೋ, ಕಲಿಯುವವರ ಮೊದಲ ಬ್ರೇಕು. ಅದೇ ಭಂಗಿಯಲ್ಲಿ ಬಲಗಾಲಿಗೆ ಭಾರ ಕೊಟ್ಟರೆ ಎಡಕ್ಕೆ ತಿರುವು, ಎಡಗಾಲಿಗೆ ಕೊಟ್ಟರೆ ಬಲಕ್ಕೆ. ಕಾಲು ಪಳಗಿದಂತೆ ಎರಡು ಹಲಗೆಗಳೂ ಜೋಡಿಯಾಗಿ ತಿರುಗತೊಡಗುತ್ತವೆ. ಈಗಿನ ಹಲಗೆಗಳು ನಡುವಿನಲ್ಲಿ ಕಿರಿದು, ತುದಿಗಳಲ್ಲಿ ಅಗಲ. ಓರೆಯಾಗಿಸಿ ಭಾರ ಬಿಟ್ಟರೆ ಬಿಲ್ಲಾಗಿ ಬಾಗಿ ತಾವೇ ಸುತ್ತು ಹಾಕುತ್ತವೆ. ಹಿಮದ ಮೇಲೆ ಕೊರೆದ ಎರಡು ತೆಳು ಗೆರೆ ಹಿಂದೆ ಉಳಿದರೆ ತಿರುವು ಸರಿಯಾಯಿತು ಎಂದು ಲೆಕ್ಕ, ಕೆರೆದ ಪಟ್ಟೆ ಉಳಿದರೆ ಇನ್ನೂ ಕಲಿಯುವುದಿದೆ. ಹಿಂದಿರುಗಿ ನಿಂತು ಆ ಗೆರೆ ನೋಡುವ ಸಂತೋಷಕ್ಕೆ ಎಷ್ಟು ಸಲ ಬಿದ್ದರೂ ಸರಿ.

ಎಲ್ಲಕ್ಕಿಂತ ಕಷ್ಟದ ಪಾಠ ಬೇರೆಯೇ ಇದೆ. ನಮ್ಮ ಎತ್ತಿನ ಗಾಡಿ ಇಳಿಜಾರು ಇಳಿಯುವಾಗ ಎತ್ತುಗಳ ಹೆಗಲಿಗೆ ಹೊರೆ ಬೀಳದಂತೆ ಹಿಂದಕ್ಕೆ ಸರಿದು ಕೂರುತ್ತೇವೆ. ಸ್ಕೀಯಲ್ಲಿ ಅದರ ತದ್ವಿರುದ್ಧ: ಇಳಿಜಾರು ಕಡಿದಾದಷ್ಟೂ ಮೈ ಮುಂದಕ್ಕೆ ಬಾಗಬೇಕು, ಮುಂಗಾಲು ಬೂಟಿನ ನಾಲಿಗೆಗೆ ಒತ್ತಿಕೊಂಡಿರಬೇಕು. ಹೆದರಿ ಹಿಂದಕ್ಕೆ ವಾಲಿದ ಕ್ಷಣವೇ ಹಲಗೆಯ ಮೂತಿ ಹಗುರಾಗಿ ಹತೋಟಿ ತಪ್ಪುತ್ತದೆ. ತಂಗ್‌ಮರ್ಗ್‌ನಿಂದ ಬರುತ್ತಿದ್ದ ನಮ್ಮ ಗುರುಗಳು ದಿನವಿಡೀ ಹೇಳುತ್ತಿದ್ದದ್ದು ಒಂದೇ ಮಾತು: "ಆಗೇ ಝುಕೋ ಭಾಯ್, ನೀಚೇ ದೇಖೋ." ಬೀಳುವ ಕಡೆಗೇ ಬಾಗು, ಹೋಗುವ ಕಡೆಗೇ ನೋಡು. ಇದನ್ನು ತಲೆ ಒಪ್ಪಿಕೊಂಡರೂ ಮಂಡಿ ಬೇಗ ಒಪ್ಪುವುದಿಲ್ಲ. ಮಂಡಿ ಒಪ್ಪಿದ ದಿನ ಭಯ ಹೋಗಿ ಗಾಳಿ ಮುಖಕ್ಕೆ ತಾಗುವುದು ಗೊತ್ತಾಗುತ್ತದೆ. ಹಲಗೆಯ ಕೆಳಗೆ ಪುಡಿಹಿಮ ಸರ್‍ರೆನ್ನುವುದು ಕೇಳಿಸುತ್ತದೆ. ಬೀಳುವುದನ್ನೇ ತಿದ್ದಿ ತೀಡಿ ನಡೆಸುವ ಆಟ ಇದು. ಅದಕ್ಕೇ ನನಗೆ ಪ್ರಿಯ.

ತೊಡೆಗಳ ತಯಾರಿ ಮಾತ್ರ ಊರಿನಲ್ಲೇ ಆಗಬೇಕು. ಅದಕ್ಕೆ ಬೆಟ್ಟದಪುರದ ಮೆಟ್ಟಿಲಿಗಿಂತ ಒಳ್ಳೆಯ ವ್ಯಾಯಾಮಶಾಲೆ ಕಾಣೆ. ಹತ್ತುವಾಗ ದಮ್ಮು ಬೆಳೆಯುತ್ತದೆ, ಮಂಡಿ ಬಗ್ಗಿಸಿ ನಿಧಾನವಾಗಿ ಇಳಿಯುವಾಗ ತೊಡೆಯ ಮುಂಭಾಗ ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಬೇಕಾಗುವುದು ಆ ಶಕ್ತಿಯೇ.

ಸ್ನೋಬೋರ್ಡ್ ಬೇರೆ ಕುಲ. 1965ರಲ್ಲಿ ಅಮೆರಿಕದ ಶರ್ಮನ್ ಪೊಪ್ಪೆನ್ ಎಂಬಾತ ತನ್ನ ಹೆಣ್ಣುಮಕ್ಕಳಿಗೆ ಆಡಲು ಎರಡು ಸ್ಕೀ ಜೋಡಿಸಿ ಕೊಟ್ಟದ್ದರಿಂದ ಬೆಳೆದ ಆಟ, 1998ರ ನಾಗಾನೊ ಒಲಿಂಪಿಕ್ಸ್ ಸೇರಿತು. ಒಂದೇ ಹಲಗೆಗೆ ಎರಡೂ ಪಾದ ಬಿಗಿದು ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಯಾವ ಕಾಲು ಮುಂದೆ ಎಂದು ತಿಳಿಯಲು ಗೊತ್ತಾಗದಂತೆ ಹಿಂದಿನಿಂದ ಮೆಲ್ಲಗೆ ತಳ್ಳುತ್ತಾರೆ. ಆಗ ಯಾವ ಕಾಲು ಮುಂದಕ್ಕೆ ಬಂತೋ ಅದೇ ಮುಂದಿನ ಕಾಲು. ಹದಿಹರೆಯದವರು ಅದನ್ನೇ ಹಿಡಿಯಲಿ, ನನ್ನ ಒಲವು ಎರಡು ಹಲಗೆಗೇ.

ಇಳಿಯುವ ಮೋಹದಲ್ಲಿರುವ ನನ್ನಂಥವರ ಕಣ್ಣು ತೆರೆಸಿದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಅವರದು ನಾರ್ಡಿಕ್ ಸ್ಕೀಯಿಂಗ್. ಅದರಲ್ಲಿ ಹಿಮ್ಮಡಿ ಹಲಗೆಗೆ ಅಂಟಿರುವುದಿಲ್ಲ, ಸಮತಟ್ಟಿನಲ್ಲೂ ಏರಿನಲ್ಲೂ ಸ್ವಂತ ತೋಳು ತೊಡೆಗಳ ಬಲದಿಂದಲೇ ಕಿಲೋಮೀಟರುಗಟ್ಟಲೆ ಸಾಗಬೇಕು. ಹಿಮ ಬೀಳದ ರಾಜ್ಯದಿಂದ ಹೋಗಿ, ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಅವರು ಕರ್ನಾಟಕಕ್ಕೆ ಚಿನ್ನ ತಂದರು. ಅದೇ ಗುಲ್ಮಾರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿ, ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾದರು. ಕಾಶ್ಮೀರದ ಹುಡುಗನಿಗೆ ಹಿಮ ಮನೆಯಂಗಳದ್ದು. ನಮ್ಮ ಹುಡುಗಿಗೆ ಸಾವಿರಾರು ಮೈಲಿ ದೂರದ್ದು. ನನ್ನ ತಕ್ಕಡಿಯಲ್ಲಿ ಭವಾನಿಯವರ ಸಾಧನೆ ಒಂದು ತೂಕ ಹೆಚ್ಚೇ.

ಹಿಮವನ್ನು ಆಟವಾಗಿ ಮಾತ್ರ ನೋಡಬಾರದು ಎಂದು ಕಲಿಸಿದ್ದು ನಮ್ಮ ತಾಲ್ಲೂಕಿನದೇ ಬೈಲಕುಪ್ಪೆ. ಅಲ್ಲಿನ ತಿಬೆಟನ್ ಹಿರಿಯರಲ್ಲಿ ಕೆಲವರು 1959ರ ನಂತರ ಹಿಮದ ಕಣಿವೆಗಳನ್ನು ನಡೆದೇ ದಾಟಿ ಬಂದವರು. ನಾನು ಉತ್ಸಾಹದಿಂದ ಗುಲ್ಮಾರ್ಗ್ ವರ್ಣಿಸಿದಾಗ ಒಬ್ಬ ಅಜ್ಜ ಎಲ್ಲ ಕೇಳಿಸಿಕೊಂಡು, "ಕಾಲುಚೀಲ ಒಣಗಿತ್ತಾ?" ಎಂದು ಮಾತ್ರ ಕೇಳಿದರು. ಒದ್ದೆ ಕಾಲುಚೀಲದಿಂದ ಬೆರಳು ಹೋಗುತ್ತದೆ ಎಂಬುದು ಅವರ ಅನುಭವ. ಅಂದಿನಿಂದ ಚೀಲದಲ್ಲಿ ಒಂದು ಜೊತೆ ಒಣ ಉಣ್ಣೆ ಕಾಲುಚೀಲ ಹೆಚ್ಚಿಗೆ ಇಟ್ಟಿರುತ್ತೇನೆ. ಅಫರ್ವಟ್‌ನ ಮೇಲ್ಭಾಗದಲ್ಲಿ ಹಿಮಕುಸಿತದ ಅಪಾಯವೂ ನಿಜ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಅಲ್ಲಿ ಜೀವ ಕಳೆದುಕೊಂಡರು. ಗೈಡ್ ಬೇಡವೆಂದ ಕಡೆ ಹೋಗದಿರುವುದೂ ವಿದ್ಯೆಯ ಭಾಗ.

ಈಗೀಗ ಕಾಡುವ ಚಿಂತೆ ಹಿಮದ್ದೇ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿ, ಒಣಹುಲ್ಲಿನ ಕಂದು ಬಣ್ಣದಲ್ಲಿ ಬಿದ್ದಿತ್ತು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಕೂಟವನ್ನು ಮಾರ್ಚ್‌ಗೆ ಮುಂದೂಡಬೇಕಾಯಿತು. ಸ್ಲೆಡ್ಜ್ ಎಳೆಯುವವರು, ಸ್ಕೀ ಬಾಡಿಗೆಗೆ ಕೊಡುವವರು, ಕಲಿಸುವವರು ಎಲ್ಲರ ವರ್ಷದ ಅನ್ನ ಆ ಕೆಲವು ವಾರಗಳಲ್ಲಿದೆ. ಮಳೆಗೆ ಆಕಾಶ ನೋಡಿ ಬದುಕುವ ನಮಗೆ ಅವರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡಿಗರು ಕಾಶ್ಮೀರಕ್ಕೂ ಮನಾಲಿಗೂ ಹೋಗುವುದು ಕಡಿಮೆಯೇನಿಲ್ಲ. ಬಾಡಿಗೆ ಕೋಟು ತೊಟ್ಟು, ಫೋಟೊ ತೆಗೆಸಿಕೊಂಡು, ಒಂದು ಗಂಟೆ ಸ್ಲೆಡ್ಜ್ ಮೇಲೆ ಕೂತು ಬರುತ್ತಾರೆ. ಮುಂದಿನ ಸಲ ದಯವಿಟ್ಟು ಕಲಿಯಲೆಂದೇ ಹೋಗಿ. ಗುಲ್ಮಾರ್ಗ್, ಮನಾಲಿ ಮತ್ತು ಪಹಲ್ಗಾಮ್‌ಗಳಲ್ಲಿ ಇದನ್ನು ಕಲಿಸುವ ಸರ್ಕಾರಿ ತರಬೇತಿ ಸಂಸ್ಥೆಗಳಿವೆ. ಸೀಟಿಗೆ ಮೊದಲೇ ಅರ್ಜಿ ಹಾಕಿ. ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯ ಸರ್ಕಾರಿ ಶಾಲೆಗಳ ಮಕ್ಕಳನ್ನು ವರ್ಷವರ್ಷವೂ ಆರಿಸಿ, ಖರ್ಚು ತಾನೇ ವಹಿಸಿ, ಆ ಇಳಿಜಾರುಗಳಿಗೆ ಕರೆದೊಯ್ಯಲಿ ಎಂಬುದು ಅದಕ್ಕೆ ನನ್ನ ವಿನಂತಿ.