ಒಂದು ಸೈಜು ಚಿಕ್ಕದೇ ಕೊಡಿ

ನಮ್ಮ ಪುರಾಣಗಳಲ್ಲಿ ಪಾದಕ್ಕೆ ಸಿಕ್ಕ ಮರ್ಯಾದೆ ಪಾದದ ಅಳತೆಗೆ ಸಿಕ್ಕಿಲ್ಲ. ಭರತ ಅಣ್ಣನ ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ತಂದ, ಸಿಂಹಾಸನದ ಮೇಲಿಟ್ಟ, 14 ವರ್ಷ ಅವುಗಳ ಹೆಸರಿನಲ್ಲಿ ರಾಜ್ಯಭಾರ ನಡೆಸಿದ. ಕಾಲಿಗೆ ಹಾಕಿ ನೋಡಲಿಲ್ಲವಾದ್ದರಿಂದ ಬಿಗಿಯೋ ಸಡಿಲವೋ ಎಂಬ ಪ್ರಶ್ನೆ ನಂದಿಗ್ರಾಮದಲ್ಲಿ ಏಳಲೇ ಇಲ್ಲ. ಬಲಿ ಚಕ್ರವರ್ತಿಯದೂ ಅದೇ ಕಥೆ. ಮೂರು ಹೆಜ್ಜೆ ಎಂದಾಗ ಯಾವ ಸೈಜಿನ ಹೆಜ್ಜೆ ಎಂದು ಮೊದಲೇ ಕೇಳಿಕೊಳ್ಳಬಾರದಿತ್ತೆ?

ಇಂಥ ಪರಂಪರೆಯಿಂದ ಬಂದ ನಮ್ಮ ಮನೆಗಳಲ್ಲಿ ಪಾದರಕ್ಷೆಗೆ ಇದ್ದದ್ದು ಒಂದೇ ಶಾಸ್ತ್ರ: ಬೆಳೆಯುವ ಮಕ್ಕಳಿಗೆ ಒಂದು ಸೈಜು ದೊಡ್ಡದು. ಶಾಲೆ ಶುರುವಾಗುವ ಮುಂಚೆ ಕೊಂಡ ಕಪ್ಪು ಬೂಟಿನ ತುದಿಗೆ ಹತ್ತಿ ತುರುಕಿಕೊಂಡು ಒಂದು ವರ್ಷ, ಹತ್ತಿ ತೆಗೆದು ಇನ್ನೊಂದು ವರ್ಷ, ಆಮೇಲೆ ಅದು ತಮ್ಮನಿಗೆ. ಈ ಶಾಸ್ತ್ರ ವೀಸಾದ ಹಂಗಿಲ್ಲದೆ ನಮ್ಮ ಜೊತೆ ಕೆನಡಾಕ್ಕೂ ಬಂದಿದೆ. ನಾನಿರುವ ಮಿಸಿಸಾಗಾದಲ್ಲಿ ಕನ್ನಡದವರ ಮಕ್ಕಳ ಚಳಿಗಾಲದ ಕೋಟುಗಳನ್ನು ನೋಡಿ. ತೋಳು ಒಂದು ಗೇಣು ಮಡಿಸಿಯೇ ಇರುತ್ತದೆ. ಕೋಟು ತಡೆದುಕೊಳ್ಳುತ್ತದೆ. ಶಾಲೆಯ ಬೂಟೂ ತಡೆದುಕೊಳ್ಳುತ್ತದೆ. ತಡೆದುಕೊಳ್ಳದ ವಸ್ತು ಇಡೀ ಕೆನಡಾದಲ್ಲಿ ಒಂದೇ, ಐಸ್ ಹಾಕಿಯ ಸ್ಕೇಟು.

ಮಗನಿಗೆ ಸ್ಕೇಟು ಕೊಡಿಸಲು ಹೋದಾಗ ತುಮಕೂರಿನಿಂದ ಬಂದಿದ್ದ ಮಾವನವರೂ ಜೊತೆಗಿದ್ದರು. ಅವರ ಮಟ್ಟಿಗೆ ಹಾಕಿ ಎಂದರೆ ಕೊಡಗಿನವರು ಆಡುವ ಆಟ. ಅದನ್ನು ಮಂಜುಗಡ್ಡೆಯ ಮೇಲೆ ಆಡುವುದು ಅವರಿಗೆ ಅನಗತ್ಯ ಸಾಹಸವಾಗಿ ಕಂಡಿತ್ತು. ಅಂಗಡಿಯ ಹುಡುಗ, ಬ್ರ್ಯಾಂಪ್ಟನ್‌ನ ಪಂಜಾಬಿ, ಮಗನ ಕಾಲನ್ನು ನೋಡಿದ್ದೇ ಒಂದು ಜೊತೆ ತಂದಿಟ್ಟ.

“ಏನಂತಾನೆ ಅಳಿಯಂದ್ರೇ?”

“ಮಾಮೂಲಿ ಬೂಟಿಗಿಂತ ಒಂದು, ಒಂದೂವರೆ ಸೈಜು ಚಿಕ್ಕದು ಹಾಕಬೇಕಂತೆ ಮಾವ.”

“ಚಿಕ್ಕದಾ? ಬೆಳೆಯೋ ಹುಡುಗನಿಗಾ? ಇವರಿಗೆ ವ್ಯಾಪಾರ ಆಗಬೇಕು, ಅದಕ್ಕೆ ಹೇಳ್ತಾನೆ. ಎರಡು ಸೈಜು ದೊಡ್ಡದು ಕೇಳಿ, ಕಾಲೇಜಿಗೆ ಹೋಗೋವರೆಗೂ ಆಗುತ್ತೆ.”

ಹುಡುಗ ಹೇಳಿದ್ದರಲ್ಲಿ ವ್ಯಾಪಾರದ ಮೋಸವೇನೂ ಇರಲಿಲ್ಲ. ನಡೆಯುವ ಬೂಟಿನಲ್ಲಿ ಬೆರಳುಗಳ ಮುಂದೆ ಒಂದಿಷ್ಟು ಖಾಲಿ ಜಾಗ ಇಟ್ಟೇ ಹೊಲಿದಿರುತ್ತಾರೆ. ಸ್ಕೇಟಿನಲ್ಲಿ ಆ ಜಾಗ ಇರಕೂಡದು. ನೆಟ್ಟಗೆ ನಿಂತಾಗ ಹೆಬ್ಬೆರಳ ತುದಿ ಬೂಟಿನ ಮೂತಿಯನ್ನು ಹೂವಿನಷ್ಟು ಹಗುರವಾಗಿ ಮುಟ್ಟಬೇಕು. ಆಟಗಾರ ಯಾವತ್ತೂ ನೆಟ್ಟಗೆ ನಿಲ್ಲುವುದಿಲ್ಲ, ಮಂಡಿ ಬಾಗಿಸಿಯೇ ಇರುತ್ತಾನೆ. ಬಾಗಿಸಿದ ಕೂಡಲೇ ಹಿಮ್ಮಡಿ ಹಿಂದೆ ಸರಿದು ತನ್ನ ಗೂಡಿನಲ್ಲಿ ಕೂರುತ್ತದೆ, ಬೆರಳುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಬಹಳ ಜನ ಅಪ್ಪ ಅಮ್ಮಂದಿರು ಕೂತಿರುವ ಮಗುವಿನ ಬೂಟಿನ ತುದಿಯನ್ನು ಒತ್ತಿ, “ಬೆರಳು ತಗಲುತ್ತಾ ಪುಟ್ಟಾ?” ಎಂದು ಕೇಳಿ, ಮಗು ಹೂಂ ಎಂದ ತಕ್ಷಣ ಗಾಬರಿಯಾಗಿ ದೊಡ್ಡದು ತರಿಸುತ್ತಾರೆ. ಬೆಳೆಯುವ ಕಾಲಿಗೆ ಅರ್ಧ ಸೈಜು ಸಡಿಲ ಬಿಡಬಹುದು. ಅದಕ್ಕಿಂತ ಹೆಚ್ಚು ಬಿಟ್ಟರೆ ಉಳಿತಾಯವೆಂಬುದು ಹೋಗಿ ಶಿಕ್ಷೆಯಾಗುತ್ತದೆ.

ಯಾಕೆ ಶಿಕ್ಷೆ ಎಂದರೆ, ಸ್ಕೇಟಿನಡಿಯ ಅಲಗಿನ ದಪ್ಪ ಸುಮಾರು 3 ಮಿಲಿಮೀಟರ್. ಅಷ್ಟು ಸಣ್ಣದರ ಮೇಲೆ ಒಂದು ದೇಹ ನಿಂತು, ತಿರುಗಿ, ಗಕ್ಕನೆ ನಿಲ್ಲಬೇಕು. ಬೂಟಿನೊಳಗೆ ಹಿಮ್ಮಡಿ ಒಂದು ಎಳೆಯಷ್ಟು ಎದ್ದರೂ ಕಾಲು ಹೇಳಿದ್ದು ಅಲಗಿಗೆ ತಡವಾಗಿ ತಲುಪುತ್ತದೆ. ಶನಿವಾರ ಬೆಳಿಗ್ಗೆ ಯಾವುದೇ ರಿಂಕಿನಲ್ಲಿ ನಿಂತು ನೋಡಿ: ಹರಡು ಒಳಕ್ಕೆ ವಾಲಿಸಿಕೊಂಡು, ಅಲಗಿನ ಮೇಲೆ ನಿಲ್ಲುವ ಬದಲು ಬೂಟಿನ ಪಕ್ಕೆಯ ಮೇಲೆ ನಿಂತ ಮಕ್ಕಳು ಎಷ್ಟೊಂದು. “ಪಾಪ, ಇವನ ಕಾಲಲ್ಲಿ ಬಲ ಇಲ್ಲ” ಎನ್ನುತ್ತಾರೆ. ಬಹುಪಾಲು ಮಕ್ಕಳ ಕಾಲಲ್ಲಿ ಬೇಕಾದಷ್ಟು ಬಲವಿದೆ. ಬೂಟಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜಾಗವಿದೆ. ಅಪ್ಪನ ಜಿಪುಣತನದ ಆರೋಪ ಮಗನ ಕಾಲಿನ ಮೇಲೆ ಬೀಳುವುದು ಅನ್ಯಾಯ.

ಈ ಸೈಜು ಎಂಬ ಸಂಖ್ಯೆಯೇ ಒಂದು ಮಾಯೆ, ಬಿಡಿ. ಇಂಗ್ಲಿಷರ ಬೂಟಿನ ಸೈಜು ಒಂದರಿಂದ ಒಂದಕ್ಕೆ ಏರುವುದು ಇಂಚಿನ ಮೂರನೇ ಒಂದು ಭಾಗದಷ್ಟು. ಆ ಮೂರನೇ ಒಂದು ಭಾಗ ಯಾವುದೆಂದರೆ ಒಂದು ಬಾರ್ಲಿ ಕಾಳು, ನಮ್ಮ ಜವೆ. ಮೂರು ಕಾಳನ್ನು ಉದ್ದುದ್ದಕ್ಕೆ ಜೋಡಿಸಿದರೆ ಒಂದು ಇಂಚು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೇ ಕಾಳು ಬರುತ್ತದೆ, ಎಂಟು ಯವದ ನಡುಭಾಗ ಸೇರಿದರೆ ಒಂದು ಅಂಗುಲ ಎಂದು. ಅವರು ಕಾಳನ್ನು ಉದ್ದಕ್ಕೆ ಮಲಗಿಸಿದರು, ನಾವು ಅಡ್ಡಕ್ಕೆ. ಅಂತೂ ಭೂಮಿಯ ಎರಡು ಕಡೆ ಕಾಳು ಎಣಿಸುತ್ತ ಕೂತವರು ಇದ್ದರು. ಬಾಟಾ ಅಂಗಡಿಯಲ್ಲಿ ನಮಗೆ ಕೊಡುತ್ತಿದ್ದ 8 ಇಂಗ್ಲೆಂಡಿನ ಲೆಕ್ಕ. ಅದೇ ಕಾಲು ಅಮೆರಿಕ ಖಂಡಕ್ಕೆ ಬಂದರೆ 9. ಅದೇ ಕಾಲು ಸ್ಕೇಟಿನೊಳಗೆ ಹೋದರೆ ಏಳೂವರೆಯೋ ಎಂಟೋ. ಕಾಲು ಬದಲಾಗಲಿಲ್ಲ, ಜಾತಕ ಮೂರು ಬಂತು.

ಅದೂ ಉದ್ದದ ಮಾತಷ್ಟೇ ಆಯಿತು. ಸ್ಕೇಟಿನ ಜಗತ್ತಿನಲ್ಲಿ ಉದ್ದ ಬಡಪಾಯಿ. ಮುಂಗಾಲಿನ ಅಗಲ, ಮೇಲ್ಪಾದದ ಎತ್ತರ, ಹಿಮ್ಮಡಿಯ ಅಗಲ, ಎಲ್ಲ ಕೂಡಿ ಕಾಲು ಬೂಟಿನೊಳಗೆ ತುಂಬಿಕೊಳ್ಳುವ ಪರಿಮಾಣ, ಇವುಗಳ ದರ್ಬಾರು ಅಲ್ಲಿ. ಬೌವರ್ ಕಂಪನಿಯವರು ಫಿಟ್ 1, ಫಿಟ್ 2, ಫಿಟ್ 3 ಎಂದು ತೆಳುಗಾಲು, ನಡುಗಾಲು, ತುಂಬುಗಾಲಿಗೆ ಬೇರೆ ಬೇರೆ ಬೂಟು ಮಾಡುತ್ತಾರೆ. ಸಿಸಿಎಂನವರು ಟೇಪರ್ಡ್, ರೆಗ್ಯುಲರ್, ವೈಡ್ ಎನ್ನುತ್ತಾರೆ. ನಮ್ಮಂಥವರಿಗೆ ಸಾಮಾನ್ಯವಾಗಿ ಕೊನೆಯ ಗುಂಪೇ ಗತಿ. ಹವಾಯಿ ಚಪ್ಪಲಿಯಲ್ಲೋ ಬರಿಗಾಲಲ್ಲೋ ಬೆಳೆದ ಪಾದ ಬೆರಳುಗಳನ್ನು ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತದೆ. ಅದೇನು ಊನವಲ್ಲ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆ ವೈದ್ಯರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ಪರೀಕ್ಷಿಸಿ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೂಟು ಚಪ್ಪಲಿ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಿನ ಮಕ್ಕಳಲ್ಲಿ ಶೇ. 2.8. ಅದರಲ್ಲೂ ಮುಂಭಾಗ ಮುಚ್ಚಿದ ಬೂಟೇ ಹೆಚ್ಚು ಅಪರಾಧಿ. ಕರಾವಳಿಯ ಬಿಸಿಲಲ್ಲಿ ಬರಿಗಾಲಲ್ಲಿ ಓಡಿದ ಮಕ್ಕಳು ವೈದ್ಯಶಾಸ್ತ್ರದ ಪುಸ್ತಕಗಳಿಗೆ ಹೀಗೆ ಸೇರಿಹೋದರು. ಆದರೆ ಆ ಆರೋಗ್ಯವಂತ ಅಗಲ ಪಾದವನ್ನು ಒಂದು ಕಿರಿದಾದ ಸ್ಕೇಟಿಗೆ ನೂಕಿ ನೋಡಿ, ಕಿರುಬೆರಳು ಸಂವಿಧಾನಬದ್ಧವಾಗಿ ಪ್ರತಿಭಟಿಸುತ್ತದೆ.

ಹಾಗಾದರೆ ಉಪಾಯ? ಅಂಗಡಿಯವರದು ಒಂದು ಪೆನ್ಸಿಲ್ ಪರೀಕ್ಷೆ ಇದೆ, ನನಗೆ ಬಹಳ ಇಷ್ಟ. ಸಾವಿರ ಡಾಲರಿಗೂ ಮೀರಿದ ಸ್ಕೇಟಿನ ಯೋಗ್ಯತೆಯನ್ನು ಹತ್ತು ಸೆಂಟಿನ ಪೆನ್ಸಿಲ್ ತೀರ್ಮಾನಿಸುತ್ತದೆ. ಲೇಸು ಸಡಿಲಿಸಿ ಕಾಲು ತೂರಿಸಿ, ಮೇಲಿಂದ ಮೂರನೇ ಜೋಡಿ ತೂತುಗಳ ಮೇಲೆ ಪೆನ್ಸಿಲನ್ನು ಅಡ್ಡ ಇಡಬೇಕು. ಎರಡೂ ಅಂಚನ್ನು ಮುಟ್ಟಿ ಕೂತರೆ ಬೂಟು ಆಳವಾಗಿದೆ. ಮೇಲ್ಪಾದಕ್ಕೆ ತಗಲಿ ಅಲ್ಲಾಡಿದರೆ ಆಳ ಸಾಲದು, ಆಮೇಲೆ ಲೇಸು ಅಲ್ಲೇ ಕಚ್ಚುತ್ತದೆ. ಆ ಕಡಿತ ಚಪ್ಪಲಿ ಕಚ್ಚಿದ ಹಾಗೆ ನಾಲ್ಕು ದಿನಕ್ಕೆ ಮಾಯುವಂಥದ್ದಲ್ಲ. ಸ್ನಾಯುರಜ್ಜು ಊದಿಕೊಂಡು ಇಡೀ ಸೀಸನ್ನು ಕಾಡಬಹುದು.

ಆಮೇಲೆ ಒಲೆ. ಹೌದು, ಹೊಸ ಸ್ಕೇಟನ್ನು ಅಂಗಡಿಯಲ್ಲೇ ಒಂದು ವಿದ್ಯುತ್ ಒಲೆಗೆ ಇಡುತ್ತಾರೆ, ಸುಮಾರು 80 ಡಿಗ್ರಿ ಸೆಲ್ಸಿಯಸ್, ಕೆಲವೇ ನಿಮಿಷ. ಮೆತ್ತಗಾದ ಬೂಟಿನೊಳಗೆ ಕಾಲಿಟ್ಟು, ಲೇಸನ್ನು ಮೇಲಕ್ಕಲ್ಲ, ಪಕ್ಕಕ್ಕೆ ಎಳೆದು ಕಟ್ಟಿ (ಮೇಲಕ್ಕೆಳೆದರೆ ತೂತಿನ ಬಳೆಗಳು ಕಿತ್ತು ಬರುತ್ತವೆ), ಆರುವವರೆಗೆ ಕಾಲು ಗಂಟು ಅಲ್ಲಾಡಿಸದೆ ಕೂರಬೇಕು. ನಿಲ್ಲುವಂತಿಲ್ಲ, ನಡೆಯುವಂತಿಲ್ಲ. ಚಟುವಟಿಕೆಯ ಹುಡುಗನೊಬ್ಬನನ್ನು ಕಾಲು ಗಂಟು ಅಲ್ಲಾಡಿಸದೆ ಕೂರಿಸುವುದಕ್ಕಿಂತ ಹಾಕಿ ಕಲಿಸುವುದು ಸುಲಭ. ಒಲೆಗೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ತಪ್ಪು ಸೈಜು ಮಾರುವವರೂ ಇದ್ದಾರೆ. ಬಿಸಿಗೆ ಬೂಟಿನ ಪಕ್ಕೆ ಒಂದಿಷ್ಟು ಬಾಗುತ್ತದೆ, ಅಷ್ಟೇ, ಉದ್ದ ಬೆಳೆಯುವುದಿಲ್ಲ. ಅಥಣಿಯ ಕಡೆಯ ಚಪ್ಪಲಿಗೆ ಎಣ್ಣೆ ಹಚ್ಚಿ ಪಳಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎಣ್ಣೆ ಚರ್ಮವನ್ನು ಮೆತ್ತಗೆ ಮಾಡುತ್ತದೆ, ಎಂಟನ್ನು ಒಂಬತ್ತು ಮಾಡುವುದಿಲ್ಲ.

ಇಂಥ ಒಲೆಗಳಿಲ್ಲದ ಕಾಲದಲ್ಲೂ ಒಬ್ಬ ಸರಿಯಾದ ಬೂಟು ಹೊಲಿದಿದ್ದ. ಮ್ಯಾನಿಟೋಬಾದ ಬ್ರ್ಯಾಂಡನ್ ಊರಿನ ಜಾರ್ಜ್ ಟ್ಯಾಕಬೆರಿ ಎಂಬ ಬೂಟು ತಯಾರಕ. ಅವನ ನೆರೆಯಲ್ಲೇ ಜೋ ಹಾಲ್ ಎಂಬ ಹಾಕಿ ಆಟಗಾರನಿದ್ದ. ರಿಂಕಿನಲ್ಲಿ ಎಷ್ಟು ಒರಟನೆಂದರೆ ಹೆಸರಿನ ಮೊದಲಿಗೆ ‘ಬ್ಯಾಡ್’ ಸೇರಿಕೊಂಡಿತ್ತು. ಈ ಬೂಟು ಒಂದು ಸೀಸನ್ನೂ ಬಾಳುವುದಿಲ್ಲವಲ್ಲ ಎಂಬುದು ಅವನ ಗೋಳು. ಟ್ಯಾಕಬೆರಿ ಕಾಂಗರೂ ಚರ್ಮ ತರಿಸಿ, ಹಿಮ್ಮಡಿ ಮತ್ತು ಬೆರಳಿನ ಕಡೆ ಗಟ್ಟಿ ಮಾಡಿ, ಮೇಲ್ಪಾದಕ್ಕೆ ಒತ್ತಿ ಕೂರುವ ಹಾಗೆ ಹೊಲಿದು ಕೊಟ್ಟ. ಒಬ್ಬ ನೆರೆಯವನ ಕಾಲಿಗೆಂದು ಶುರುವಾದದ್ದು ಎಲ್ಲ ಆಟಗಾರರಿಗೂ ಬೇಕಾಯಿತು. ಹಾಲ್ 1919ರ ಸ್ಟ್ಯಾನ್ಲಿ ಕಪ್ ಫೈನಲ್ ಆಡಲು ಸಿಯಾಟಲ್‌ಗೆ ಹೋದವನು ಇನ್‌ಫ್ಲುಯೆಂಜಾದಿಂದ ಅಲ್ಲೇ ತೀರಿಕೊಂಡ. ಆ ವರ್ಷ ಕಪ್ ಯಾರಿಗೂ ಸಿಗಲಿಲ್ಲ. 1937ರಲ್ಲಿ ಟ್ಯಾಕಬೆರಿ ತೀರಿಕೊಂಡ ಮೇಲೆ ಸಿಸಿಎಂ ಆ ಬೂಟಿನ ಹಕ್ಕು ಕೊಂಡಿತು. ಇವತ್ತಿಗೂ ಅಂಗಡಿಯಲ್ಲಿ ‘ಟ್ಯಾಕ್ಸ್’ ಎಂಬ ಹೆಸರಿನ ಸ್ಕೇಟುಗಳಿವೆ. ಅವನ್ನು ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಅದು ಒಬ್ಬ ಮನುಷ್ಯನ ಹೆಸರು ಎಂದು ಗೊತ್ತಿರಲಾರದು. ಅಂದಹಾಗೆ ಸಿಸಿಎಂ ಎಂದರೆ ಕೆನಡಾ ಸೈಕಲ್ ಆ್ಯಂಡ್ ಮೋಟಾರ್. 1899ರಲ್ಲಿ ಸೈಕಲ್ ಮಾಡಲು ಹುಟ್ಟಿದ ಕಂಪನಿ, ಸೈಕಲ್ಲಿನ ಮೋಹ ಇಳಿದ ಮೇಲೆ ಉಳಿದ ಉಕ್ಕಿಗೊಂದು ದಾರಿ ಹುಡುಕುತ್ತ ಸ್ಕೇಟಿಗೆ ಬಂತು.

ದೊಡ್ಡ ಆಟಗಾರರ ಕಾಲಿನ ಕಥೆಗಳನ್ನು ಕೇಳಿ ಸ್ಕೇಟು ಕೊಳ್ಳಬಾರದು. ಬಾಬಿ ಆರ್ ಕಾಲುಚೀಲವಿಲ್ಲದೆ, ಬರಿಗಾಲನ್ನೇ ಸ್ಕೇಟಿಗೆ ತೂರಿಸಿ ಆಡುತ್ತಿದ್ದ. ಪಾಲ್ ಕಾಫಿ ತನ್ನ ಕಾಲಿಗಿಂತ ತೀರಾ ಚಿಕ್ಕ ಸ್ಕೇಟು ಬಿಗಿದುಕೊಂಡು ಮಂಜಿನ ಮೇಲೆ ಗಾಳಿಯಂತೆ ಹೋಗುತ್ತಿದ್ದ. ನಮ್ಮ ಮಕ್ಕಳು ಹಾಗೆ ಮಾಡಿದರೆ ಬೊಬ್ಬೆ ಅವರ ಹಾಗೆಯೇ ಬರುತ್ತದೆ, ಗೋಲು ಬರುವುದಿಲ್ಲ.

ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ಲಡಾಖಿನಲ್ಲಿ ಒಂದು ಕಾಲಕ್ಕೆ ಮಿಲಿಟರಿ ಬೂಟಿನಡಿಗೆ ಕಬ್ಬಿಣದ ಅಲಗು ಬಡಿದುಕೊಂಡು ಆಡುತ್ತಿದ್ದರಂತೆ. ಅಲ್ಲಿಯ ಹುಡುಗಿಯರು ಯಾರೋ ಕೊಟ್ಟ, ಯಾರದೋ ಅಳತೆಯ ಸಾಮಾನನ್ನು ಹಂಚಿಕೊಂಡು, ಚಳಿಗಾಲದಲ್ಲಿ ಕೆರೆ ಗಟ್ಟಿಯಾದ ಕೆಲವೇ ವಾರ ಅಭ್ಯಾಸ ಮಾಡಿ ಬೆಳೆದರು. ಹೆಚ್ಚಾಗಿ ಅಂಥವರಿಂದಲೇ ಕಟ್ಟಿದ ಭಾರತದ ಮಹಿಳಾ ಐಸ್ ಹಾಕಿ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಫಿಟ್ 1, ಫಿಟ್ 2 ಎಂದು ನಾನು ಭಾಷಣ ಬಿಗಿಯುವಾಗ ಇವರ ನೆನಪಾಗಿ ಸ್ವಲ್ಪ ತಣ್ಣಗಾಗುತ್ತೇನೆ. ಆದರೆ ಅವರನ್ನೇ ಕೇಳಿದರೆ, ಸರಿಯಾದ ಬೂಟು ಬೇಡ ಎಂದು ಯಾರೂ ಹೇಳಲಿಕ್ಕಿಲ್ಲ.

ಹಳೆಯ ಸ್ಕೇಟು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮಕ್ಕಳ ಕಾಲು ಬೆಳೆಯುವ ವೇಗಕ್ಕೆ ಒಂದೇ ಚಳಿಗಾಲ ಹಾಕಿದ ಜೊತೆಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಾಲು ಸಾಲಾಗಿ ಇರುತ್ತವೆ. ಬೂಟಿನ ಮೇಲ್ಭಾಗವನ್ನು ಎರಡೂ ಕೈಯಲ್ಲಿ ಒತ್ತಿ ನೋಡಿ. ಸುಲಭವಾಗಿ ಮಡಚಿಕೊಂಡರೆ ಅದರ ಆಯುಸ್ಸು ಮುಗಿದಿದೆ. ಅಲಗಿನಲ್ಲಿ ಮಸೆಯುವುದಕ್ಕೆ ಉಕ್ಕು ಉಳಿದಿದೆಯೇ ಎಂದೂ ನೋಡಿಕೊಳ್ಳಿ. ಹೊಸದಾದರೆ ಮೊದಲು ಮಸೆಸಬೇಕು, ಪೆಟ್ಟಿಗೆಯಿಂದ ತೆಗೆದ ಅಲಗಿಗೆ ಹರಿತವಿರುವುದಿಲ್ಲ. ಅಂಗಡಿಗೆ ಸಂಜೆ ಹೋಗುವುದು ಮೇಲು, ದಿನವಿಡೀ ಓಡಾಡಿದ ಕಾಲು ಆ ಹೊತ್ತಿಗೆ ಒಂದಿಷ್ಟು ಊದಿರುತ್ತದೆ. ಆಟಕ್ಕೆ ಹಾಕುವ ತೆಳು ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು, ಅಜ್ಜಿ ಹೆಣೆದ ಉಣ್ಣೆಯದನ್ನಲ್ಲ.

ಮಗನ ಬೂಟು ಆರುವ ತನಕ ಮಾವನವರಿಗೆ ಹೊತ್ತು ಹೋಗಬೇಕಲ್ಲ. ಅಲ್ಲೇ ನೆಲದ ಮೇಲೆ ಬ್ರ್ಯಾನಾಕ್ ಸಾಧನವಿತ್ತು, ಕಾಲಿನ ಉದ್ದ ಅಗಲ ಅಳೆಯುವ ಲೋಹದ ತಟ್ಟೆ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ಬೂಟಿನಂಗಡಿಯವರ ಮಗ ಚಾರ್ಲ್ಸ್ ಬ್ರ್ಯಾನಾಕ್ 1920ರ ದಶಕದಲ್ಲಿ ಮಾಡಿದ್ದು. “ಇದರಲ್ಲಿ ನಂದೂ ಒಂದು ನೋಡಿಬಿಡಲಿ” ಎಂದರು. ಹುಡುಗ ಮಂಡಿಯೂರಿ ಕೂತು, ಅವರ ಹಿಮ್ಮಡಿಯನ್ನು ಬಟ್ಟಲಿಗೆ ಒತ್ತಿ, ಪಟ್ಟಿ ಸರಿಸಿ ನೋಡಿದ. ಬಲಗಾಲು 10. ಎಡಗಾಲು ಒಂಬತ್ತೂವರೆ. ಎರಡೂ ಅಗಲ.

“ನಾನು ಅರವತ್ತು ವರ್ಷದಿಂದ ಎಂಟು ಹಾಕ್ತಿದೀನಿ!”

ಬಾಟಾದ ಎಂಟು ಇಲ್ಲಿಯ ಒಂಬತ್ತು, ವಯಸ್ಸಾದ ಹಾಗೆ ಪಾದ ಚಾಚಿಕೊಳ್ಳುತ್ತದೆ, ಆದರೂ ನಿಮಗೆ ಊರಿನ ಲೆಕ್ಕದಲ್ಲಿ ಒಂಬತ್ತೇ ಬೇಕು ಎಂದು ಬಿಡಿಸಿ ಹೇಳಿದೆ. ಮಾವನವರು ಎರಡೂ ಪಾದಗಳನ್ನು ಬಹಳ ಹೊತ್ತು ನೋಡಿಕೊಂಡರು. ಬೆಳೆಯುವ ಮಕ್ಕಳಿಗೆ ದೊಡ್ಡದು ಕೊಡಿಸಿ ಕೊಡಿಸಿ ತಾವು ಮಾತ್ರ ಚಿಕ್ಕದರಲ್ಲೇ ಉಳಿದಿದ್ದ ಮನುಷ್ಯ. ಆಮೇಲೆ ಹುಡುಗನ ಕಡೆ ತಿರುಗಿ, ತಮ್ಮ ಹೈಸ್ಕೂಲು ಮೇಷ್ಟರ ಇಂಗ್ಲಿಷಿನಲ್ಲಿ, ಈ ಅಳತೆಗೆ ನಿಮ್ಮಲ್ಲಿ ಚಪ್ಪಲಿ ಸಿಗುತ್ತದೆಯೇನಪ್ಪಾ ಎಂದು ಕೇಳಿದರು.